ಚೇಂಬರ್ (ಕೋವಿ)

ಚೇಂಬರ್ ಎಂಬುದು ಕೋವಿಯ ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಭಾಗ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗಳಲ್ಲಿ ಕಾಡತೂಸಿನ ಚೇಂಬರ್ ಇರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ರಕ್ಷಣೆಗಾಗಿ ಇಂತಹ ಕೋವಿಗೆ ಪರವಾನಗಿ ನೀಡಲು ಅವಕಾಶವಿದೆ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ರೈತರಿಗೆ ಪರವಾನಗಿ ನೀಡುವ ಅಧಿಕಾರ ತುಮಕೂರಿನ ಜಿಲ್ಲಾ ದಂಡಾಧಿಕಾರಿಗಳದು.

ಅಳತೆಯ ಹೊಂದಾಣಿಕೆ

ಕಾಡತೂಸು ಬಳಸುವ 12 ಬೋರ್ ಕೋವಿಗಳಲ್ಲಿ 65 ಮತ್ತು 70 ಮಿ.ಮೀ. ಉದ್ದದ ಚೇಂಬರುಗಳು ಸಾಮಾನ್ಯ. ಕಾಡತೂಸಿನ ಮೇಲೆ ನಮೂದಿಸುವ ಅಳತೆಯು, ಹಾರಿಸಿದ ಬಳಿಕ ಅದರ ಮಡಿಕೆ ಬಿಚ್ಚಿಕೊಂಡಾಗಿನ ಉದ್ದವಾಗಿರುತ್ತದೆ. ಆದ್ದರಿಂದ 70 ಮಿ.ಮೀ. ಕಾಡತೂಸು ಹಾರಿಸುವ ಮುನ್ನ 65 ಮಿ.ಮೀ. ಚೇಂಬರಿನಲ್ಲಿಯೂ ಸರಾಗವಾಗಿ ಕೂರಬಲ್ಲದು. ಹಾರಿಸಿದಾಗ ಮಾತ್ರ ಆ ಮಡಿಕೆಯು ನಳಿಗೆ ಕಿರಿದಾಗುವ ಭಾಗದೊಳಕ್ಕೆ ಬಿಚ್ಚಿಕೊಂಡು ಚರೆಗಳ ದಾರಿಯನ್ನು ಇಕ್ಕಟ್ಟಾಗಿಸುತ್ತದೆ. ಇದರಿಂದ ಒತ್ತಡ ಏರಿ, ಹಳೆಯ ನಳಿಗೆ ಸಿಡಿಯುವ ಅಪಾಯವಿದೆ. ಹೀಗಾಗಿ ಕಾಡತೂಸು ಒಳಗೆ ಕೂರುತ್ತದೆ ಎಂಬುದೇ ಹೊಂದಾಣಿಕೆಗೆ ಪುರಾವೆಯಲ್ಲ. ಚೇಂಬರಿನ ಅಳತೆಯನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.