ಡೆಬಿಯನ್ ಸಂಕಲನದ ಹದಿಮೂರನೆಯ ಆವೃತ್ತಿ: ಅದರ ವ್ಯತ್ಯಾಸಗಳೂ ಸ್ವೀಕಾರವಿಚಾರವೂ

ಗ್ರಂಥಸಂಪಾದನೆಯಲ್ಲಿ ಕೈಯಾಡಿಸಿದ ವಿದ್ವಾಂಸರಿಗೆ ಗಣಕಯಂತ್ರದ ಈ ವಿಷಯವನ್ನು ತಿಳಿಯಪಡಿಸುವುದು ಮಿಕ್ಕವರಿಗೆ ತಿಳಿಯಪಡಿಸುವುದಕ್ಕಿಂತ ಸುಲಭವೆಂದು ನಮ್ಮ ಎಣಿಕೆ. ಒಂದು ಕಾವ್ಯದ ಹಲವು ಪ್ರತಿಗಳನ್ನು ಸೇರಿಸಿ, ಪಾಠಗಳನ್ನು ತೂಗಿನೋಡಿ, ಒಂದು ದಿನ “ಇನ್ನು ತಿದ್ದುವುದಿಲ್ಲ” ಎಂದು ನಿಶ್ಚಯಿಸಿ ಅಚ್ಚಿಗೆ ಕೊಡುವುದೆಂದರೇನೆಂಬುದನ್ನು ಅವರು ಬಲ್ಲರು. ಡೆಬಿಯನ್ ಎಂಬ ಸಂಕಲನದ ಕರ್ತರು ಮಾಡುತ್ತಿರುವುದೂ ಬಹುಮಟ್ಟಿಗೆ ಇದೇ ಕೆಲಸವು.

ಲಿನಕ್ಸ್ ಎಂಬ ಹೆಸರು ನ್ಯಾಯವಾಗಿ ಸಲ್ಲುವುದು ಯಂತ್ರದ ಅಂಗಾಂಗಗಳನ್ನು ಆಳುವ ತಿರುಳಿಗೆ ಮಾತ್ರ. ಇದನ್ನು ಕ್ರಿ. ಶ. ೧೯೯೧ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬವರು ಪ್ರಾರಂಭಿಸಿದರು. ತಿರುಳೊಂದರಿಂದಲೇ ಯಾರ ಕೆಲಸವೂ ನಡೆಯಲಾರದು. ಬರೆಯುವ ಸಾಧನ, ಅಕ್ಷರರೂಪಗಳು, ಕಡತಗಳನ್ನು ನೋಡುವ ಕಿಟಕಿಗಳು, ಇವೆಲ್ಲ ಬೇರೆ ಬೇರೆ ಕರ್ತೃಗಳಿಂದ ಬರುತ್ತವೆ. ಇವನ್ನು ಒಂದುಗೂಡಿಸಿ, ಪರಸ್ಪರ ವಿರೋಧವಿಲ್ಲದಂತೆ ಹೊಂದಿಸಿ ಲೋಕಕ್ಕೆ ಕೊಡುವವರೇ ಸಂಕಲನಕಾರರು. ಡೆಬಿಯನ್ನನ್ನು ಇಯನ್ ಮರ್ಡಕ್ ಎಂಬವರು ೧೯೯೩ನೆಯ ಇಸವಿಯ ಆಗಸ್ಟ್ ೧೬ರಂದು ಸ್ಥಾಪಿಸಿದರು. ಅದು ಯಾವ ವ್ಯಾಪಾರಸಂಸ್ಥೆಯ ಸೊತ್ತೂ ಅಲ್ಲ. ನಾನಾ ದೇಶಗಳ ಸ್ವಯಂಸೇವಕರು ಕೂಡಿ ನಡೆಸುತ್ತಿರುವ ಸಂಘವು.

ಅದರ ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಎಂಬ ಚಲಚ್ಚಿತ್ರದ ಆಟಿಕೆಗಳ ಹೆಸರನ್ನಿಡುವುದು ವಾಡಿಕೆಯಾಗಿದೆ. ೨೦೨೩ರ ಜೂನ್ ತಿಂಗಳಲ್ಲಿ ಹೊರಬಿದ್ದ ಹನ್ನೆರಡನೆಯದರ ಹೆಸರು ‘ಬುಕ್‌ವರ್ಮ್’, ಎಂದರೆ ಪುಸ್ತಕದ ಹುಳು. (ನಮ್ಮಂಥವರಿಗೆ ಆ ಹೆಸರೇ ಸಾಕಾಗಿತ್ತು.) ೨೦೨೫ರ ಆಗಸ್ಟ್ ೯ರಂದು ಪ್ರಕಟವಾದ ಹದಿಮೂರನೆಯದಕ್ಕೆ ‘ಟ್ರಿಕ್ಸಿ’ ಎಂದು ಹೆಸರು. ಇನ್ನೂ ಪರಿಷ್ಕಾರವಾಗದ, ದಿನದಿನವೂ ಬದಲಾಗುತ್ತಿರುವ ಕರಡುಪ್ರತಿಗೆ ಮಾತ್ರ ಎಂದೆಂದಿಗೂ ‘ಸಿಡ್’ ಎಂಬ ಒಂದೇ ಹೆಸರು. ಆ ಕಥೆಯಲ್ಲಿ ಆಟಿಕೆಗಳನ್ನು ಮುರಿಯುವ ಹುಡುಗನೇ ಸಿಡ್. ಕರಡಿನಲ್ಲಿ ಸೇರಿದ ಪಾಠವು ಕೆಲಕಾಲ ದೋಷವಿಲ್ಲದೆ ನಿಂತರೆ ಪರೀಕ್ಷಾಪ್ರತಿಗೆ ಬರುತ್ತದೆ. ಅನಂತರ ಒಂದು ಕಾಲದಲ್ಲಿ ಹೊಸ ಪಾಠಗಳಿಗೆ ಬಾಗಿಲು ಮುಚ್ಚಿ, ತಪ್ಪುಗಳನ್ನು ಮಾತ್ರ ತಿದ್ದುತ್ತ ಬಂದು, ಕಡೆಗೆ ‘ಸ್ಥಿರ’ವೆಂದು ಸಾರುತ್ತಾರೆ. ಹದಿಮೂರನೆಯ ಆವೃತ್ತಿಯು ಈ ಸ್ಥಿತಿಗೆ ಬರಲು ಎರಡು ವರ್ಷಕ್ಕಿಂತ ತುಸು ಹೆಚ್ಚು ಕಾಲ ಹಿಡಿಯಿತು. ಅದರಲ್ಲಿ ೬೯,೮೩೦ ಪೊಟ್ಟಣಗಳಿವೆ. ಇವುಗಳಲ್ಲಿ ೧೪,೧೦೦ಕ್ಕೆ ಮೇಲ್ಪಟ್ಟವು ಹೊಸವು. ಹಳತಾದುವೆಂದು ೮,೮೪೦ಕ್ಕೂ ಹೆಚ್ಚನ್ನು ಕೈಬಿಟ್ಟಿದ್ದಾರೆ. ಈ ಕೈಬಿಟ್ಟುದರ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು. ಸ್ವೀಕಾರಕ್ಕೆ ಮುನ್ನ ನಾವು ಆಧರಿಸಿರುವ ಸಾಧನವು ಆ ಗುಂಪಿಗೆ ಸೇರಿತೋ ಎಂಬುದೇ ಮೊದಲ ಪ್ರಶ್ನೆಯು.

ತಿರುಳು ೬.೧ರಿಂದ ೬.೧೨ಕ್ಕೆ ಏರಿದೆ. ಇದು ದಶಾಂಶವಲ್ಲ, ಆರನೆಯ ಸರಣಿಯ ಹನ್ನೆರಡನೆಯದೆಂದು ಓದತಕ್ಕದ್ದು. ಲಿಬ್ರೆಆಫೀಸ್ ಎಂಬ ಬರಹದ ಸಾಧನದ ಅಂಕವು ೭.೪ರಿಂದ ೨೫.೨ಕ್ಕೆ ನೆಗೆದಿರುವುದನ್ನು ಕಂಡು ಬೆರಗಾಗಬೇಕಾದುದಿಲ್ಲ. ೨೦೨೪ರಿಂದ ಅವರು ವರ್ಷವನ್ನೂ ತಿಂಗಳನ್ನೂ ಅಂಕವಾಗಿ ಬರೆಯತೊಡಗಿದರು. ೨೦೨೫ರ ಫೆಬ್ರವರಿ ಎಂಬುದೇ ಅದರ ಅರ್ಥ.

ಈ ಆವೃತ್ತಿಯ ವ್ಯತ್ಯಾಸಗಳಲ್ಲೆಲ್ಲ ನಮ್ಮ ವಿದ್ವಾಂಸರ ಮನಸ್ಸನ್ನು ಸೆಳೆಯತಕ್ಕದ್ದು ಕಾಲಗಣನೆಗೆ ಸಂಬಂಧಿಸಿದ್ದು. ಈ ವರ್ಗದ ಯಂತ್ರಗಳು ಕಾಲವನ್ನು ೧೯೭೦ರ ಜನವರಿ ೧ರಿಂದ ಕಳೆದ ಸೆಕೆಂಡುಗಳ ಮೊತ್ತವಾಗಿ ಎಣಿಸುತ್ತವೆ. ಶಾಸನಗಳಲ್ಲಿ ಶಕಾಬ್ದವು ಹೇಗೋ ಹಾಗೆಯೇ ಇದೂ ಒಂದು ಅಬ್ದವೆನ್ನಬಹುದು. ಆದರೆ ಹಿಂದಿನವರು ಈ ಮೊತ್ತಕ್ಕೆ ಮೂವತ್ತೆರಡು ದ್ವಿಮಾನ ಸ್ಥಾನಗಳನ್ನಷ್ಟೇ ಕೊಟ್ಟಿದ್ದರು. ಅವುಗಳಲ್ಲಿ ಒಂದು ಧನ ಋಣ ಚಿಹ್ನೆಗೆ ಹೋಗಲು, ಮಿಕ್ಕವುಗಳಲ್ಲಿ ಬರೆಯಬಹುದಾದ ಮಹತ್ತಮ ಸಂಖ್ಯೆಯು ೨,೧೪,೭೪,೮೩,೬೪೭. ಇಷ್ಟು ಸೆಕೆಂಡುಗಳು ಗ್ರೀನಿಚ್ ಕಾಲದಂತೆ ೨೦೩೮ರ ಜನವರಿ ೧೯ರಂದು ಬೆಳಗಿನ ಜಾವ ೩ ಗಂಟೆ ೧೪ ನಿಮಿಷ ೭ ಸೆಕೆಂಡಿಗೆ ಮುಗಿಯುತ್ತವೆ. ಮರುಕ್ಷಣದಲ್ಲಿ ಮೊತ್ತವು ಮಗುಚಿ, ಯಂತ್ರವು ತಾನು ೧೯೦೧ರ ಡಿಸೆಂಬರಿನಲ್ಲಿರುವುದಾಗಿ ತಿಳಿಯುತ್ತದೆ.

ಪ್ರಭವಾದಿ ಅರುವತ್ತು ಸಂವತ್ಸರಗಳ ಹೆಸರನ್ನು ಮಾತ್ರ ಹೇಳಿ ಶಕವರ್ಷವನ್ನು ಬಿಟ್ಟ ಶಾಸನವು ನಮ್ಮನ್ನು ಎಂಥ ತೊಡಕಿಗೆ ಸಿಲುಕಿಸುತ್ತದೆಂಬುದು ವಾಚಕರಿಗೆ ಗೊತ್ತುಂಟು. ಯಾವ ಆವರ್ತದ ವಿಕ್ರಮ, ಯಾವ ಆವರ್ತದ ಪ್ಲವ ಎಂಬುದನ್ನು ಲಿಪಿಯಿಂದಲೂ ರಾಜನ ಹೆಸರಿನಿಂದಲೂ ಊಹಿಸಬೇಕಾಗುತ್ತದೆ. ಮೂವತ್ತೆರಡು ಸ್ಥಾನಗಳ ಗಣನೆಯೂ ಹೀಗೆಯೇ ಸುಮಾರು ೧೩೬ ವರ್ಷಗಳ ಒಂದು ಚಕ್ರವು. ಆದರೆ ಯಂತ್ರಕ್ಕೆ ಲಿಪಿಯ ಬಲದಿಂದ ಊಹಿಸುವ ವಿವೇಕವಿಲ್ಲ. ಹದಿಮೂರನೆಯ ಆವೃತ್ತಿಯಲ್ಲಿ ಡೆಬಿಯನ್ನರು ಈ ಮೊತ್ತಕ್ಕೆ ಅರುವತ್ತನಾಲ್ಕು ಸ್ಥಾನಗಳನ್ನು ಕೊಟ್ಟಿರುತ್ತಾರೆ. ಅರುವತ್ತನಾಲ್ಕು ಸ್ಥಾನಗಳ ಯಂತ್ರಗಳಲ್ಲಿ ಇದು ಮೊದಲಿನಿಂದಲೂ ಇದ್ದಿತು. ಹೊಸತೆಂದರೆ ಚಿಕ್ಕ ಆರ್ಮ್ ಯಂತ್ರಗಳಂಥ ಮೂವತ್ತೆರಡು ಸ್ಥಾನದವುಗಳಿಗೂ ಅದನ್ನು ವಿಸ್ತರಿಸಿದ್ದು. ಕಾಲವನ್ನು ಮುಟ್ಟುವ ಪೊಟ್ಟಣಗಳು ಸಾವಿರಾರು. ಅವೆಲ್ಲವನ್ನೂ ಒಟ್ಟಿಗೆ ಮರಳಿ ಕಟ್ಟಬೇಕಾಯಿತು. ಇನ್ನು ಈ ಎಣಿಕೆಯು ಸುಮಾರು ೨೯,೨೦೦ ಕೋಟಿ ವರ್ಷಗಳವರೆಗೆ ನಡೆಯುವುದು; ಪುರಾಣದ ಲೆಕ್ಕದಲ್ಲಿ ೪೩೨ ಕೋಟಿ ವರ್ಷಗಳ ಕಲ್ಪಗಳು ಅರುವತ್ತೇಳು ಕಳೆದು ಮತ್ತೂ ಮಿಗುತ್ತದೆ.

ಈ ಸೌಕರ್ಯದಿಂದ ಹೊರಗೆ ಉಳಿದಿರುವುದು ‘ಐ ೩೮೬’ ಎಂಬ ವರ್ಗವೊಂದು. ಲಿನಕ್ಸ್ ಹುಟ್ಟಿದ್ದೂ ಡೆಬಿಯನ್ ಬೆಳೆದದ್ದೂ ಈ ಇಂಟೆಲ್ ಯಂತ್ರಗಳ ಮೇಲೆಯೇ. ಹೊಸ ಆವೃತ್ತಿಯಲ್ಲಿ ಇವುಗಳಿಗೆ ತಿರುಳೂ ಇಲ್ಲ, ಸ್ಥಾಪನೆಯ ಸಾಧನವೂ ಇಲ್ಲ. ಅರುವತ್ತನಾಲ್ಕು ಸ್ಥಾನಗಳ ಯಂತ್ರದಲ್ಲಿ ಹಳೆಯ ಕಾರ್ಯಕ್ರಮಗಳನ್ನು ನಡೆಸುವುದಕ್ಕಾಗಿ ಮಾತ್ರ ಆ ಪೊಟ್ಟಣಗಳನ್ನು ಉಳಿಸಿದ್ದಾರೆ. ಇಂಥ ಯಂತ್ರವುಳ್ಳವರು ಹದಿಮೂರಕ್ಕೆ ಏರಲೇ ಕೂಡದೆಂದು ಪ್ರಕಟನೆಯ ಟಿಪ್ಪಣಿಯಲ್ಲಿಯೇ ಸ್ಪಷ್ಟವಾಗಿ ಹೇಳಿದೆ. ದಾನವಾಗಿ ಬಂದ ಹಳೆಯ ಯಂತ್ರಗಳಿಂದ ಕಾಲ ತಳ್ಳುವ ಶಾಲೆಗಳಿಗೂ ಚಿಕ್ಕ ವಾಚನಾಲಯಗಳಿಗೂ ಇದು ನಿಜವಾದ ನಷ್ಟವು. ಸ್ವಯಂಸೇವಕರ ಶ್ರಮಕ್ಕೂ ಮಿತಿಯುಂಟಾದುದರಿಂದ ಅವರನ್ನು ದೂರುವಂತೆಯೂ ಇಲ್ಲ. ಆದರೆ ಯಂತ್ರವನ್ನು ಮೂಲೆಗೆ ಹಾಕುವ ಮುನ್ನ ಒಂದು ವಿಷಯವನ್ನು ಶೋಧಿಸಬೇಕು. ಎ. ಎಂ. ಡಿ. ಸಂಸ್ಥೆಯವರು ಈ ವಂಶದ ಅರುವತ್ತನಾಲ್ಕು ಸ್ಥಾನಗಳ ಯಂತ್ರವನ್ನು ೨೦೦೩ರಲ್ಲಿಯೇ ಹೊರತಂದರು. ಆದಕಾರಣ ಆ ಬಳಿಕ ಬಂದ ಅನೇಕ ಯಂತ್ರಗಳು ಒಡಲಿನಿಂದ ಅರುವತ್ತನಾಲ್ಕರವೇ ಆಗಿದ್ದು, ಸ್ಥಾಪಿಸಿದವರ ಅಭ್ಯಾಸಬಲದಿಂದ ಮೂವತ್ತೆರಡರ ಸಂಕಲನವನ್ನು ಹೊತ್ತಿರುತ್ತವೆ. ‘ಎಲ್‌ಎಸ್‌ಸಿಪಿಯು’ ಎಂಬ ಆಜ್ಞೆಯನ್ನು ಕೊಟ್ಟರೆ ಯಂತ್ರವೇ ತನ್ನ ಜಾತಿಯನ್ನು ಹೇಳುತ್ತದೆ. ಅಂಥವುಗಳಲ್ಲಿ ಕಡತಗಳನ್ನು ಬೇರೆಡೆಗೆ ನಕಲು ಮಾಡಿಕೊಂಡು ಹೊಸದಾಗಿ ಸ್ಥಾಪಿಸುವುದು ಒಳ್ಳೆಯದು. ಇದ್ದಲ್ಲಿಯೇ ಒಂದರಿಂದ ಮತ್ತೊಂದಕ್ಕೆ ಹೊರಳಿಸುವುದು ಸಾಧ್ಯವಾದರೂ ಅಪಾಯಕರವು.

ಒಂದು ವರ್ಗವು ಹೋದಂತೆ ಮತ್ತೊಂದು ಬಂದಿದೆ. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ೨೦೧೦ರಲ್ಲಿ ಮೊದಲಾದ, ಯಾರೂ ಶುಲ್ಕವಿಲ್ಲದೆ ಬಳಸಬಹುದಾದ ‘ರಿಸ್ಕ್ ಫೈವ್’ ವಿನ್ಯಾಸಕ್ಕೆ ಡೆಬಿಯನ್ನಿನ ಅಧಿಕೃತ ಮನ್ನಣೆಯು ಈಗ ಮೊದಲ ಬಾರಿಗೆ ದೊರೆತಿದೆ. ಮದರಾಸಿನ ಐ. ಐ. ಟಿ.ಯವರ ‘ಶಕ್ತಿ’ ಎಂಬ ಯಂತ್ರಹೃದಯವೂ ಈ ವಿನ್ಯಾಸದ್ದೇ.

ಪಾಠಶೋಧನೆಯವರು ಮೆಚ್ಚಬಹುದಾದ ಇನ್ನೊಂದು ಕಾರ್ಯವೆಂದರೆ ಪುನರುತ್ಪಾದನೆಯ ಸಾಧನೆಯು. ಒಂದೇ ಮೂಲಬರಹದಿಂದ ಬೇರೆ ಬೇರೆಯವರು ಕಟ್ಟಿದ ಪೊಟ್ಟಣವು ಒಂದು ಅಕ್ಷರವೂ ವ್ಯತ್ಯಾಸವಿಲ್ಲದೆ ಬರಬೇಕೆಂಬುದು ಅವರ ಗುರಿ. ಹಾಗೆ ಬಂದರೆ ನಡುವೆ ಯಾರೂ ಪ್ರಕ್ಷಿಪ್ತವನ್ನು ಸೇರಿಸಿಲ್ಲವೆಂಬುದನ್ನು ಯಾರು ಬೇಕಾದರೂ ಸ್ವತಃ ಪರೀಕ್ಷಿಸಬಹುದು. ಈ ಆವೃತ್ತಿಯಲ್ಲಿ ನಮ್ಮ ಯಂತ್ರದ ಯಾವ ಪೊಟ್ಟಣಗಳು ಹಾಗಿವೆ, ಯಾವುವು ಇಲ್ಲವೆಂಬುದನ್ನು ತಿಳಿಸುವ ಸಾಧನವನ್ನೂ ಒದಗಿಸಿದ್ದಾರೆ.

ಇನ್ನು ಸ್ವೀಕಾರದ ಕ್ರಮವು. ಹನ್ನೆರಡರಿಂದ ಮಾತ್ರ ಹದಿಮೂರಕ್ಕೆ ಏರಬಹುದು. ಹನ್ನೊಂದರಲ್ಲಿರುವವರು ನಡುವಿನ ಮೆಟ್ಟಿಲನ್ನು ಬಿಡುವಂತಿಲ್ಲ. ಮೊದಲು ಕಡತಗಳ ಪ್ರತಿಯನ್ನು ಬೇರೆ ತಟ್ಟೆಯಲ್ಲಿ ಇಟ್ಟು, ಹನ್ನೆರಡನ್ನೇ ಅದರ ಕಟ್ಟಕಡೆಯ ತಿದ್ದುಪಡಿಯವರೆಗೆ ತಂದು, ಅನಂತರ ಮೂಲಗಳ ಪಟ್ಟಿಯಲ್ಲಿ ಹಳೆಯ ಹೆಸರಿನ ಸ್ಥಾನದಲ್ಲಿ ಹೊಸದನ್ನು ಬರೆಯಬೇಕು. ಏರಿಕೆಯನ್ನು ಎರಡು ಹಂತದಲ್ಲಿ ಮಾಡುವುದು ಕ್ಷೇಮ:— ಹೊಸ ಪೊಟ್ಟಣಗಳನ್ನು ಸೇರಿಸದೆ ಇದ್ದವನ್ನು ಮಾತ್ರ ಬದಲಿಸುವುದು ಮೊದಲನೆಯದು, ಪೂರ್ಣವಾದ ಏರಿಕೆಯು ಎರಡನೆಯದು. ‘ಆಪ್ಟ್’ ಎಂಬ ಸಾಧನದ ಮೂರನೆಯ ರೂಪವು ಸೇರಿಸುವುದನ್ನು ಹಸಿರಿನಲ್ಲಿಯೂ ತೆಗೆಯುವುದನ್ನು ಕೆಂಪಿನಲ್ಲಿಯೂ ತೋರಿಸುತ್ತದೆ. ಕೆಂಪಿನ ಪಟ್ಟಿಯನ್ನು ಓದದೆ ಒಪ್ಪಿಗೆ ಕೊಡಬಾರದು. ಪ್ರಾರಂಭದ ಕಡತಗಳಿರುವ ‘ಬೂಟ್’ ವಿಭಾಗವು ೭೬೮ ಮೆಗಾಬೈಟಿಗೆ ಕಡಮೆಯಿಲ್ಲದೆ ಇದ್ದು ಅದರಲ್ಲಿ ೩೦೦ರಷ್ಟು ತೆರವಿರಬೇಕು. ಹಿಂದೆ ಚಿಕ್ಕದಾಗಿ ವಿಭಾಗಿಸಿದವರು ಇಲ್ಲಿಯೇ ಎಡವುವರು. ತಟ್ಟೆಯನ್ನು ಗೂಢಲಿಪಿಯಲ್ಲಿಟ್ಟವರು ‘ಸಿಸ್ಟಮ್‌ಡಿ ಕ್ರಿಪ್ಟ್‌ಸೆಟಪ್’ ಎಂಬ ಪೊಟ್ಟಣವು ಸೇರಿದೆಯೆಂಬುದನ್ನು ಯಂತ್ರವನ್ನು ಮರಳಿ ಹಚ್ಚುವ ಮುನ್ನವೇ ನೋಡಿಕೊಳ್ಳತಕ್ಕದ್ದು.

ಓಲೆಗರಿಗಳ ಛಾಯಾಪ್ರತಿಗಳನ್ನು ತೆಗೆಯುವವರು ಮತ್ತೊಂದನ್ನು ಗಮನಿಸಬೇಕು. ತಾತ್ಕಾಲಿಕ ಕಡತಗಳ ‘ಟೆಂಪ್’ ಎಂಬ ಕೋಶವು ಇದುವರೆಗೆ ತಟ್ಟೆಯ ಮೇಲಿತ್ತು; ಈಗ ಅದು ಯಂತ್ರದ ನೆನಪಿನಲ್ಲಿ, ಅದರ ಅರ್ಧಭಾಗಕ್ಕೆ ಮೀರದಂತೆ ಇರುತ್ತದೆ. ಯಂತ್ರವು ಆರಿದೊಡನೆ ಅಲ್ಲಿದ್ದುದೆಲ್ಲ ಹೋಗುತ್ತದೆ. ಹೊಸದಾಗಿ ಸ್ಥಾಪಿಸಿದ ಯಂತ್ರದಲ್ಲಂತೂ ಅಲ್ಲಿ ಹತ್ತು ದಿನ ಮೀರಿದ ಕಡತಗಳನ್ನು ತಾನಾಗಿಯೇ ಅಳಿಸುವ ಏರ್ಪಾಡುಂಟು. ನೂರಾರು ಗರಿಗಳ ದೊಡ್ಡ ಚಿತ್ರಗಳನ್ನು ಕೆಲಸದ ನಡುವೆ ಅಲ್ಲಿ ಸುರಿಯುವ ಅಭ್ಯಾಸವುಳ್ಳವರು ಸ್ಥಳವನ್ನು ಬದಲಿಸಿಕೊಳ್ಳಬೇಕು. ‘ಸಿಸ್ಟಮ್‌ಸಿಟಿಎಲ್’ ಎಂಬ ಆಜ್ಞೆಯಿಂದ ಹಳೆಯ ಪದ್ಧತಿಗೆ ಹಿಂದಿರುಗಿಸುವುದೂ ಉಂಟು.

ಗ್ರಂಥಾಲಯದ ಸೂಚಿಯನ್ನು ಕೋಹಾ ಮೊದಲಾದ ಸಾಧನಗಳಲ್ಲಿ ಇಟ್ಟವರ ದತ್ತಾಂಶವು ಸಾಮಾನ್ಯವಾಗಿ ಮರಿಯಾಡಿಬಿಯಲ್ಲಿರುತ್ತದೆ. ಇದು ೧೦.೧೧ರಿಂದ ೧೧.೮ಕ್ಕೆ ಏರುವುದರಿಂದ, ಏರಿಕೆಗೆ ಮುನ್ನ ಅದನ್ನು ಕ್ರಮವಾಗಿ ನಿಲ್ಲಿಸಿರಬೇಕು. ವಿದ್ಯುತ್ತು ಹೋಗಿ ನಿಂತ ಸ್ಥಿತಿಯಿಂದ ಏರಿಸಿದರೆ ಕೆಡುವ ಸಂಭವವುಂಟು. ಕೋಹಾದ ಯಾವ ರೂಪವು ಹೊಸ ಆವೃತ್ತಿಗೆ ಒಪ್ಪುತ್ತದೆಂಬುದನ್ನು ಅದರ ಕರ್ತರ ಸೂಚನೆಯಿಂದ ಮೊದಲೇ ತಿಳಿಯತಕ್ಕದ್ದು.

ಅವಸರವೇನಾದರೂ ಉಂಟೋ ಎಂದು ಕೇಳಬಹುದು. ಹನ್ನೆರಡನೆಯ ಆವೃತ್ತಿಗೆ ಮೂಲಸಂಘದವರ ರಕ್ಷಣೆಗೆ ೨೦೨೬ರ ಜೂನ್ ತಿಂಗಳನ್ನೂ, ದೀರ್ಘಾವಧಿಯ ತಂಡದವರ ರಕ್ಷಣೆಗೆ ೨೦೨೮ರ ಜೂನ್ ತಿಂಗಳನ್ನೂ ಅವಧಿಯಾಗಿ ಗೊತ್ತುಪಡಿಸಿದ್ದಾರೆ. ಹದಿಮೂರಕ್ಕೆ ಇವು ಕ್ರಮವಾಗಿ ೨೦೨೮ ಮತ್ತು ೨೦೩೦. ಆದಕಾರಣ ಮಹಾಪ್ರಬಂಧವನ್ನೋ ಸಂಪಾದಿತ ಗ್ರಂಥವನ್ನೋ ಅಚ್ಚಿಗೆ ಅಣಿಮಾಡುತ್ತಿರುವವರು ಆ ಕೆಲಸವನ್ನು ಮುಗಿಸಿಯೇ ಏರುವುದು ಮೇಲೆಂದು ನಮ್ಮ ಅಭಿಪ್ರಾಯ. ಅಕ್ಷರರೂಪದ ಪೊಟ್ಟಣವೂ ಒತ್ತಕ್ಷರಗಳನ್ನು ಜೋಡಿಸುವ ಸಾಧನವೂ ಬರಹದ ಸಾಧನವೂ ಒಟ್ಟಿಗೆ ಬದಲಾದಾಗ ಒಂದು ಸಾಲಿನ ಅಗಲ ಕೂದಲೆಳೆಯಷ್ಟು ಹೆಚ್ಚು ಕಡಮೆಯಾದರೂ ಪುಟಗಳು ಜರುಗುತ್ತವೆ. ಪುಟಗಳು ಜರುಗಿದರೆ ಕೈಯಿಂದ ಮಾಡಿದ ಪದಸೂಚಿಯು ಸುಳ್ಳಾಗುತ್ತದೆ. ಏರಲೇಬೇಕಾದವರು ಹಳೆಯ ಯಂತ್ರದಲ್ಲಿಯೇ ಪುಸ್ತಕವನ್ನು ಪಿಡಿಎಫ್ ರೂಪದಲ್ಲಿ, ಅಕ್ಷರರೂಪಗಳನ್ನು ಒಳಸೇರಿಸಿ, ಒಮ್ಮೆ ಉಳಿಸಿಟ್ಟುಕೊಳ್ಳಲಿ. ಏರಿದ ಮೇಲೆ ಕಡೆಯ ಪುಟದ ಸಂಖ್ಯೆಯನ್ನು ಅದರೊಡನೆ ಹೋಲಿಸಿದರೆ ಪಲ್ಲಟವಾಯಿತೋ ಇಲ್ಲವೋ ಎಂಬುದು ಬಹುಮಟ್ಟಿಗೆ ತಿಳಿದುಬರುವುದು.