ಯೂರೋಪಿನಲ್ಲಿ ಮೋಟಾರ್ ಸೈಕಲ್: ಪರದೇಶದ ಸವಾರನ ಹಕ್ಕು ಮತ್ತು ಹೊಣೆ

ಮೈಸೂರು ಸೀಮೆಯಲ್ಲಿ ಮೋಟಾರ್ ಸೈಕಲ್ ಎಂಬ ಮಾತು ಬಂದೊಡನೆ ಹಿರಿಯರಿಗೆ ಜಾವಾ ನೆನಪಾಗುತ್ತದೆ. ಅದು ಹುಟ್ಟಿನಿಂದ ಯೂರೋಪಿನ ವಾಹನ. ಪ್ರಾಗ್ ನಗರದ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು ತಯಾರಿಕೆಯನ್ನು ಆರಂಭಿಸಿದನು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ‘ಜಾವಾ’ ಆಯಿತು. 1961ರಿಂದ ಅದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿ, ಮುಂದೆ ಯೆಜ್ಡಿ ಎಂಬ ಹೆಸರನ್ನು ತಾಳಿತು. 1996ರಲ್ಲಿ ಕಾರ್ಖಾನೆ ಮುಚ್ಚಿತಾದರೂ, ಅಷ್ಟು ಹೊತ್ತಿಗೆ ಆ ಪರದೇಶದ ವಾಹನ ಮಂಡ್ಯ, ಮದ್ದೂರು, ಮಳವಳ್ಳಿಗಳ ಹಾದಿಗಳಲ್ಲಿ ಮನೆಯ ವಾಹನವೇ ಆಗಿಬಿಟ್ಟಿತ್ತು.

ಇಂದು ಪ್ರಯಾಣದ ದಿಕ್ಕು ಬದಲಾಗಿದೆ. ಈ ನಾಡಿನ ತರುಣರು ಉನ್ನತ ವ್ಯಾಸಂಗಕ್ಕಾಗಿ, ಉದ್ಯೋಗಕ್ಕಾಗಿ ಜರ್ಮನಿ, ಬ್ರಿಟನ್ ಮೊದಲಾದ ದೇಶಗಳಿಗೆ ಹೋಗುತ್ತಿದ್ದಾರೆ. ಊರಿನಲ್ಲಿ ವರ್ಷಗಟ್ಟಲೆ ಬೈಕು ಓಡಿಸಿದವನಿಗೆ ಅಲ್ಲಿಯೂ ಒಂದನ್ನು ಕೊಳ್ಳಬೇಕೆನಿಸುವುದು ಸಹಜ. ಆದರೆ ಹಣವಿದ್ದ ಮಾತ್ರಕ್ಕೆ, ಸವಾರಿ ಬಲ್ಲ ಮಾತ್ರಕ್ಕೆ ಅಲ್ಲಿ ಸವಾರನಾಗಲು ಸಾಧ್ಯವಿಲ್ಲ. ಈ ಅಂಶವನ್ನು ಹೊರಡುವ ಮುನ್ನವೇ ತಿಳಿದಿರುವುದು ಒಳಿತು.

ಮೊದಲನೆಯದು ಚಾಲನಾ ಪರವಾನಗಿ. ಭಾರತವು 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದಕ್ಕೆ ಸೇರಿದ ರಾಷ್ಟ್ರ. ಅದರನ್ವಯ ಇಲ್ಲಿಯ ಸಾರಿಗೆ ಕಚೇರಿ ಅಂತರರಾಷ್ಟ್ರೀಯ ಪರವಾನಗಿ ಪತ್ರವನ್ನು ನೀಡುತ್ತದೆ. ಅದು ಸ್ವತಂತ್ರವಾದ ಅಧಿಕಾರಪತ್ರವಲ್ಲ, ಮೂಲ ಪರವಾನಗಿಗೆ ಜೊತೆಯಾದ ಭಾಷಾಂತರ ಮಾತ್ರ. ಆದುದರಿಂದ ಎರಡೂ ಸವಾರನ ಬಳಿ ಇರಬೇಕು. ಜರ್ಮನಿಯಲ್ಲಿ ನೆಲೆಸಿದವನಿಗೆ ಭಾರತದ ಪರವಾನಗಿ ಆರು ತಿಂಗಳು ಮಾತ್ರ ನಡೆಯುತ್ತದೆ. ಬ್ರಿಟನ್ನಿನಲ್ಲಿ ಹನ್ನೆರಡು ತಿಂಗಳು. ಅನಂತರ ಆ ದೇಶದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಅಲ್ಲಿಯ ಪರವಾನಗಿಯನ್ನು ಪಡೆಯಲೇಬೇಕು. ಅವಧಿ ಮೀರಿ ಓಡಿಸಿದವನು ಪರವಾನಗಿಯೇ ಇಲ್ಲದವನೆಂದು ಪರಿಗಣಿತನಾಗುತ್ತಾನೆ. ಜರ್ಮನಿಯಲ್ಲಿ ಅದು ಶಿಕ್ಷಾರ್ಹ ಅಪರಾಧ. ಹತ್ತು ವರ್ಷ ಸವಾರಿ ಮಾಡಿದ ಅನುಭವ ಈ ಮಾತಿಗೆ ಉತ್ತರವಾಗಲಾರದು.

ವಾಹನದ ಶಕ್ತಿಗೂ ಅಲ್ಲಿ ಮೆಟ್ಟಿಲುಗಳಿವೆ. ಇಲ್ಲಿ ಗೇರುಳ್ಳ ಮೋಟಾರ್ ಸೈಕಲ್ಲಿನ ಪರವಾನಗಿ ಪಡೆದವನು ಎಷ್ಟು ದೊಡ್ಡ ಯಂತ್ರವನ್ನಾದರೂ ಏರಬಹುದು. ಯೂರೋಪಿಯನ್ ಒಕ್ಕೂಟದಲ್ಲಿ 2013ರ ಜನವರಿ 19ರಿಂದ ಅನ್ವಯವಾಗುತ್ತಿರುವ ನಿಯಮದಂತೆ ‘ಎ1’ ವರ್ಗಕ್ಕೆ 125 ಸಿ.ಸಿ. ಮತ್ತು 11 ಕಿಲೋವ್ಯಾಟ್ ಮಿತಿ. ‘ಎ2’ ವರ್ಗಕ್ಕೆ 35 ಕಿಲೋವ್ಯಾಟ್. ಮಿತಿಯಿಲ್ಲದ ‘ಎ’ ವರ್ಗ ಸಾಮಾನ್ಯವಾಗಿ ‘ಎ2’ ವರ್ಗದಲ್ಲಿ ಎರಡು ವರ್ಷ ಕಳೆದವರಿಗೆ, ಇಲ್ಲವೆ 24 ವರ್ಷ ತುಂಬಿದವರಿಗೆ ದೊರೆಯುತ್ತದೆ. ಯೌವನದ ಉತ್ಸಾಹಕ್ಕೆ ಕಾನೂನು ಹಾಕಿದ ಕಡಿವಾಣವಿದು.

ಎರಡನೆಯದು ಒಡೆತನ. ಜರ್ಮನಿಯಲ್ಲಿ ಬೈಕನ್ನು ಕೊಳ್ಳುವವನು ಮೊದಲು ತನ್ನ ವಾಸದ ವಿಳಾಸವನ್ನು ಪೌರ ಕಚೇರಿಯಲ್ಲಿ ದಾಖಲಿಸಬೇಕು. ಬಳಿಕ ವಿಮೆಯ ಆಧಾರವನ್ನು ಪಡೆಯಬೇಕು. ಅದನ್ನು ತೋರಿಸಿದ ಮೇಲೆಯೇ ನೋಂದಣಿ, ಆ ಮೇಲೆ ನಂಬರ್ ಪ್ಲೇಟು. ಎರಡು ವರ್ಷಗಳಿಗೊಮ್ಮೆ ವಾಹನದ ತಾಂತ್ರಿಕ ತಪಾಸಣೆ ಕಡ್ಡಾಯ. ಹಿಮ ಬೀಳುವ ತಿಂಗಳುಗಳಲ್ಲಿ ಬೈಕನ್ನು ನಿಲ್ಲಿಸಿಡುವವರಿಗಾಗಿ, ವರ್ಷದ ಕೆಲವು ತಿಂಗಳು ಮಾತ್ರ ಸಲ್ಲುವ ನಂಬರ್ ಪ್ಲೇಟೂ ಉಂಟು. ಆ ತಿಂಗಳುಗಳ ಅಂಕಿಗಳನ್ನು ಪ್ಲೇಟಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಬ್ರಿಟನ್ನಿನ ನೋಂದಣಿ ಪತ್ರವಾದರೋ ವಾಹನದ ಹೊಣೆಗಾರನನ್ನು ಸೂಚಿಸುತ್ತದೆಯೇ ಹೊರತು ಒಡೆತನಕ್ಕೆ ಸಾಕ್ಷಿಯಲ್ಲ. ಹಳೆಯ ಬೈಕನ್ನು ಕೊಳ್ಳುವ ವಿದ್ಯಾರ್ಥಿ ಮಾರಿದವನಿಂದ ರಸೀತಿಯನ್ನು ಪಡೆದು ಜೋಪಾನವಾಗಿಡಬೇಕು.

ಇವುಗಳಲ್ಲಿ ವಿಮೆಯ ವಿಚಾರ ಮುಖ್ಯವಾದುದು. ಅಪಘಾತದಲ್ಲಿ ನೊಂದ ದಾರಿಹೋಕನಿಗೆ ಪರಿಹಾರ ದೊರೆಯಬೇಕೆಂಬುದೇ ಅದರ ತಿರುಳು. ಪರವಾನಗಿಯ ಅವಧಿ ಮೀರಿದ ಸವಾರ ತನಗಷ್ಟೇ ಅಲ್ಲ, ಎದುರಿಗೆ ಬರುವ ನಿರಪರಾಧಿಗೂ ಅಪಾಯವನ್ನು ತಂದೊಡ್ಡುತ್ತಾನೆ. ಗಾಯಾಳುವಿಗೆ ಕೊಟ್ಟ ಹಣವನ್ನು ವಿಮಾ ಸಂಸ್ಥೆ ಅಂತಹ ಸವಾರನಿಂದಲೇ ವಸೂಲು ಮಾಡಲೂಬಹುದು. ಮಗನ ಓದಿಗಾಗಿ ಜಮೀನನ್ನು ಅಡವಿಟ್ಟ ತಂದೆಯ ಮನೆಗೆ ಅಂತಹ ಒಂದು ದಿನ ಏನನ್ನು ತರಬಹುದೆಂಬುದನ್ನು ವಿವರಿಸಬೇಕಾಗಿಲ್ಲ.

ಮೂರನೆಯದು ರಸ್ತೆಯ ನಡವಳಿಕೆ. ಬ್ರಿಟನ್, ಐರ್ಲೆಂಡ್, ಮಾಲ್ಟಾ, ಸೈಪ್ರಸ್‌ಗಳನ್ನು ಬಿಟ್ಟರೆ ಯೂರೋಪಿನಲ್ಲೆಲ್ಲ ವಾಹನಗಳು ಬಲಬದಿಯಲ್ಲಿ ಸಾಗುತ್ತವೆ. ಸ್ವೀಡನ್ ದೇಶ 1967ರ ಸೆಪ್ಟೆಂಬರ್ 3ರಂದು ಎಡದಿಂದ ಬಲಕ್ಕೆ ಬದಲಾಯಿತು. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವನಿಗೆ ದಾರಿ ಬಿಡುವುದು ಜರ್ಮನಿಯ ನಿಯಮ. ಹೆದ್ದಾರಿಯಲ್ಲಿ ದೊಡ್ಡ ವಾಹನ ಬರುವುದನ್ನು ಕಂಡು ನಿಲ್ಲುವ ಅಭ್ಯಾಸವುಳ್ಳವನು ಇದನ್ನು ಹೊಸದಾಗಿ ಕಲಿಯಬೇಕು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವನ್ನು ನಿಷೇಧಿಸಲಾಯಿತು. ಜರ್ಮನಿಯ ಆಟೋಬಾನ್ ಹೆದ್ದಾರಿಯಲ್ಲಿಯಾದರೋ ಗಂಟೆಗೆ 60 ಕಿ.ಮೀ.ಗಿಂತ ಹೆಚ್ಚು ವೇಗ ಸಾಮರ್ಥ್ಯವುಳ್ಳ ಬೈಕಿಗೆ ಅವಕಾಶವಿದೆ. ಆದರೆ ಅಲ್ಲಿ ವಾಹನಗಳ ಸಾಲು ನಿಂತಾಗ ಎಲ್ಲರೂ ಅಕ್ಕಪಕ್ಕಕ್ಕೆ ಸರಿದು ಆಂಬುಲೆನ್ಸಿಗಾಗಿ ನಡುವೆ ದಾರಿ ತೆರೆಯುತ್ತಾರೆ. ಆ ದಾರಿಯಲ್ಲಿ ಬೈಕು ನುಗ್ಗಿಸುವುದು ಅಪರಾಧ. ಇಲ್ಲಿ ಜಾಣತನವೆನಿಸಿಕೊಳ್ಳುವುದು ಅಲ್ಲಿ ಮತ್ತೊಬ್ಬರ ಪ್ರಾಣಕ್ಕೆ ಅಡ್ಡಿಯೆನಿಸುತ್ತದೆ.

ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ವಿಶ್ವಗುರು ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಮಾಡುವ ಕಾಯಕ ಶುದ್ಧವಾಗಿರಬೇಕೆಂದ ಆ ಮಹಾತ್ಮರ ನೆಲದಿಂದ ಹೋದವರು ಪರದೇಶದ ರಸ್ತೆಯಲ್ಲಿಯೂ ಶುದ್ಧವಾದ ನಡೆಯನ್ನೇ ತೋರಬೇಕು. ಯೂರೋಪಿನ ಜಾವಾ ಇಲ್ಲಿಯ ಮಣ್ಣಿನ ಹಾದಿಗೆ ಹೊಂದಿಕೊಂಡು ಇಲ್ಲಿಯದೇ ಆಯಿತು. ಹಾಗೆಯೇ ಅಲ್ಲಿಗೆ ಹೋದವನೂ ಆ ನೆಲದ ನಿಯಮವನ್ನು ಕಲಿತು, ಪರೀಕ್ಷೆ ಕೊಟ್ಟು, ಹೊಣೆಯನ್ನು ಹೊತ್ತಾಗಲೇ ಆ ರಸ್ತೆ ಅವನದಾಗುತ್ತದೆ. ಹೊರಡುವ ವಿದ್ಯಾರ್ಥಿಗಳಿಗೆ ಈ ಮಾತನ್ನು ಗುರುಗಳು ತಿಳಿಸಿಕೊಡಲಿ. ಈಗಾಗಲೇ ಅಲ್ಲಿರುವ ಹಳೆಯ ವಿದ್ಯಾರ್ಥಿಗಳು ಕಿರಿಯರಿಗೆ ದಾರಿ ತೋರಲಿ.