ಉಮೇದು ಬಂದ ಮೇಲೆ ಓಡುವುದಲ್ಲ

ಬೆಳಗಿನ ಓಟ ಶುರುಮಾಡಿ ನಡುವೆ ಬಿಟ್ಟವರನ್ನು ಕೇಳಿದರೆ ಹೆಚ್ಚಿನವರು ಕೊಡುವ ಕಾರಣ ಒಂದೇ: ಮೊದಮೊದಲು ಉಮೇದು ಇತ್ತು, ಆಮೇಲೆ ಹೋಯಿತು. ಕೇಳಿದವರೂ ತಲೆಯಾಡಿಸಿ, ಮನಸ್ಸಿದ್ದರೆ ಮಾರ್ಗ ಎಂದು ಒಂದು ಮಾತು ಸೇರಿಸುತ್ತಾರೆ. ಓಟ ಬಿಡದವರಲ್ಲಿ ಛಲವೆಂಬುದು ಹುಟ್ಟಿನಿಂದಲೇ ಇದೆ, ಬಿಟ್ಟವರಲ್ಲಿ ಅದರ ಕೊರತೆಯಿದೆ ಎಂಬ ಈ ನಂಬಿಕೆ ಎಷ್ಟು ಸಹಜವಾಗಿ ಕಾಣುತ್ತದೆಂದರೆ, ಅದನ್ನು ಪರೀಕ್ಷಿಸಿ ನೋಡಬಹುದು ಎಂದೇ ಯಾರಿಗೂ ಹೊಳೆಯುವುದಿಲ್ಲ. ಪರೀಕ್ಷಿಸಿದವರಿದ್ದಾರೆ. ಕಳೆದ ಎರಡು ದಶಕಗಳಿಗೂ ಮಿಕ್ಕಿದ ಕಾಲದಲ್ಲಿ ಸಿಕ್ಕ ಪುರಾವೆಗಳನ್ನು ಒಟ್ಟಿಗಿಟ್ಟು ನೋಡಿದರೆ, ಉಮೇದು ಮೊದಲು, ಓಟ ಆಮೇಲೆ ಎಂಬ ಕ್ರಮವೇ ತಲೆಕೆಳಗಾಗಿದೆ ಎನಿಸುತ್ತದೆ. ಓಟವನ್ನು ಉಳಿಸುವುದು ಗೊತ್ತಾದ ಹೊತ್ತು, ಗೊತ್ತಾದ ಜಾಗ, ಉಸಿರು ಕಟ್ಟದ ವೇಗ ಮತ್ತು ತಪ್ಪಿದಾಗ ಬೇಗ ಮರಳುವುದು. ಇವು ಕೂಡಿಬಂದ ಮೇಲೆ ಉಮೇದು ತಾನಾಗಿ ಹಿಂಬಾಲಿಸುತ್ತದೆ.

ಎಲ್ಲಕ್ಕಿಂತ ಸ್ಪಷ್ಟವಾದ ಸಾಕ್ಷ್ಯ 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದ್ದು. ಸಾರಾ ಮಿಲ್ನ್, ಶೀನಾ ಆರ್ಬೆಲ್ ಮತ್ತು ಪ್ಯಾಸ್ಕಲ್ ಶೀರನ್ ಎಂಬ ಮನೋವಿಜ್ಞಾನಿಗಳು 248 ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಮೊದಲನೆಯ ಗುಂಪಿಗೆ ವಿಶೇಷವಾಗಿ ಏನನ್ನೂ ಹೇಳಲಿಲ್ಲ. ಎರಡನೆಯ ಗುಂಪಿಗೆ ಹೃದ್ರೋಗದ ಅಪಾಯ ಮತ್ತು ವ್ಯಾಯಾಮದ ಲಾಭವನ್ನು ಮನಮುಟ್ಟುವಂತೆ ತಿಳಿಸುವ ಬರಹ ಕೊಟ್ಟರು. ಮೂರನೆಯ ಗುಂಪು ಅದೇ ಬರಹವನ್ನು ಓದಿ, ಜೊತೆಗೆ ಮುಂದಿನ ವಾರ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ವ್ಯಾಯಾಮ ಮಾಡುತ್ತೇನೆ ಎಂದು ಒಂದು ವಾಕ್ಯದಲ್ಲಿ ಬರೆದುಕೊಟ್ಟಿತು. ವಾರ ಕಳೆದ ಮೇಲೆ ನೋಡಿದರೆ ಮೊದಲ ಗುಂಪಿನಲ್ಲಿ ನೂರಕ್ಕೆ 38 ಮಂದಿ ಕನಿಷ್ಠ ಒಮ್ಮೆ ವ್ಯಾಯಾಮ ಮಾಡಿದ್ದರು. ಪ್ರೇರಣೆಯ ಬರಹ ಓದಿದ ಎರಡನೆಯ ಗುಂಪಿನಲ್ಲಿ 35. ಹೊತ್ತು, ಜಾಗ ಬರೆದುಕೊಟ್ಟವರಲ್ಲಿ 91. ಎರಡನೆಯ ಗುಂಪಿನ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು. ಅವರಲ್ಲಿ ಇಚ್ಛೆ ನಿಜವಾಗಿಯೂ ಹೆಚ್ಚಿತ್ತು. ಆದರೆ ಆ ಇಚ್ಛೆ ಕಾಲಿಗೆ ಇಳಿಯಲಿಲ್ಲ. ‘ನಾಳೆಯಿಂದ ಓಡಬೇಕು’ ಎಂಬುದಕ್ಕೂ ‘ಮಂಗಳವಾರ ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ’ ಎಂಬುದಕ್ಕೂ ಇರುವ ಅಂತರ ಇದೇ. ಮೊದಲನೆಯದರಲ್ಲಿ ಪ್ರತಿ ಬೆಳಿಗ್ಗೆ ಹಾಸಿಗೆಯಲ್ಲೇ ಹೊಸದಾಗಿ ತೀರ್ಮಾನ ಮಾಡಬೇಕು, ಅದೂ ಅರೆನಿದ್ದೆಯಲ್ಲಿ. ಎರಡನೆಯದರಲ್ಲಿ ತೀರ್ಮಾನ ಆಗಿಹೋಗಿರುತ್ತದೆ.

ಇಚ್ಛೆಯೇ ಬೇಡವೇ ಎಂದು ಕೇಳಬಹುದು. ಬೇಕು. ಮೂರನೆಯ ಗುಂಪೂ ಆ ಬರಹವನ್ನು ಓದಿತ್ತು. ಓಡುವ ಮನಸ್ಸೇ ಇಲ್ಲದವರು ಹೊತ್ತು ಬರೆದಿಟ್ಟೂ ಉಪಯೋಗವಿಲ್ಲ. ನನ್ನ ತಕರಾರು ಇರುವುದು ಇಚ್ಛೆಯ ಬಗ್ಗೆ ಅಲ್ಲ, ಹೊರಡುವ ಗಳಿಗೆಯಲ್ಲಿ ಹುರುಪು ಇರಲೇಬೇಕು ಎಂಬ ನಿರೀಕ್ಷೆಯ ಬಗ್ಗೆ. ಆ ಗಳಿಗೆಯ ಭಾವನೆ ನಂಬಿಕೆಗೆ ಅರ್ಹವಾದ ಸಾಕ್ಷಿಯಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದಂತೆ, ವ್ಯಾಯಾಮ ಎಷ್ಟು ಹಿತವಾಗಿರಬಹುದು ಎಂದು ಜನ ಮೊದಲೇ ಮಾಡುವ ಅಂದಾಜು, ಮಾಡಿ ಮುಗಿಸಿದ ಮೇಲೆ ಹೇಳುವುದಕ್ಕಿಂತ ಸತತವಾಗಿ ಕಡಿಮೆ ಇರುತ್ತದೆ. ಕಾರಣವನ್ನೂ ಅವರು ಕಂಡುಕೊಂಡರು: ಅಂದಾಜು ಮಾಡುವಾಗ ಮನಸ್ಸು ಮೊದಲ ಕೆಲವು ನಿಮಿಷಗಳನ್ನು ಮಾತ್ರ ನೋಡುತ್ತದೆ. ಆ ನಿಮಿಷಗಳು ನಿಜಕ್ಕೂ ಅಹಿತವೇ. ಓಡತೊಡಗಿದ ಕೂಡಲೇ ತೊಡೆ ಮತ್ತು ಮೀನಖಂಡದ ಸ್ನಾಯುಗಳು ಆಮ್ಲಜನಕ ಕೇಳುತ್ತವೆ, ಹೃದಯ ಮತ್ತು ಶ್ವಾಸಕೋಶ ಆ ಬೇಡಿಕೆಯ ಮಟ್ಟಕ್ಕೆ ಏರಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತವೆ. ಅಲ್ಲಿಯವರೆಗೆ ದೇಹ ಸಾಲದ ಮೇಲೆ ನಡೆಯುತ್ತದೆ: ಉಸಿರು ಎಳೆದಷ್ಟೂ ಸಾಲದು, ಎದೆ ಬಡಿತ ಕಿವಿಗೆ ಕೇಳುತ್ತದೆ, ಕಾಲು ಮರದ ಕೊರಡಿನಂತೆ. ಹದವಾದ ವೇಗದಲ್ಲಿದ್ದರೆ ಆಮೇಲೆ ಪೂರೈಕೆ ಬೇಡಿಕೆಯನ್ನು ಹಿಡಿಯುತ್ತದೆ, ಐದಾರು ನಿಮಿಷದಲ್ಲಿ ಉಸಿರು ಒಂದು ಲಯಕ್ಕೆ ಬರುತ್ತದೆ. ಇಂದು ನನ್ನಿಂದಾಗದು ಎಂದು ಮೂರನೆಯ ನಿಮಿಷದಲ್ಲಿ ತೀರ್ಮಾನಿಸಿ ಹಿಂದಿರುಗುವವರು ಬದಲಾವಣೆ ಆಗುವ ತುಸು ಮೊದಲೇ ಹಿಂದಿರುಗುತ್ತಾರೆ.

ಹದವಾದ ವೇಗ ಎಂದೆ. ನನ್ನ ಪ್ರಕಾರ ಅತಿ ಹೆಚ್ಚು ಜನರನ್ನು ಓಟ ಬಿಡಿಸಿದ ತಪ್ಪು ಕಲ್ಪನೆ ಇಲ್ಲಿದೆ: ಏದುಸಿರು ಬಿಡದಿದ್ದರೆ ಅದು ಓಟವೇ ಅಲ್ಲ, ನೋವಿಲ್ಲದೆ ಲಾಭವಿಲ್ಲ ಎಂಬುದು. ವ್ಯಾಯಾಮ ಮಾಡುವಾಗಿನ ಸುಖ ದುಃಖವನ್ನು ಬಹುಕಾಲ ಅಧ್ಯಯನ ಮಾಡಿರುವ ಪ್ಯಾಂಟಲೈಮೊನ್ ಎಕ್ಕೆಕಾಕಿಸ್ ಮತ್ತು ಅವರ ಸಹೋದ್ಯೋಗಿಗಳ ಕೆಲಸದಿಂದ ತಿಳಿದಿರುವುದು ಇಷ್ಟು: ಉಸಿರಾಟ ಥಟ್ಟನೆ ಬಿರುಸಾಗುವ ಒಂದು ಮಿತಿ ಪ್ರತಿಯೊಬ್ಬರಲ್ಲೂ ಇದೆ; ಅದರ ಕೆಳಗೆ ಬಹುತೇಕರಿಗೆ ಹಿತವೆನಿಸುತ್ತದೆ, ಅದನ್ನು ದಾಟಿದರೆ ಹೆಚ್ಚುಕಡಿಮೆ ಎಲ್ಲರಿಗೂ ಸಂಕಟವೆನಿಸುತ್ತದೆ. ಅಭ್ಯಾಸ ಇಲ್ಲದವರಲ್ಲಿ ಈ ಮಿತಿ ತೀರ ಕೆಳಗಿರುತ್ತದೆ, ಬಿರುಸು ನಡಿಗೆಗಿಂತ ತುಸು ಮೇಲೆ ಅಷ್ಟೆ. ಅವರು ಪಕ್ಕದಲ್ಲಿ ಓಡುವವರ ವೇಗ ಹಿಡಿಯಲು ಹೊರಟರೆ ಪ್ರತಿ ಓಟವೂ ಒಂದು ಶಿಕ್ಷೆಯಾಗುತ್ತದೆ. ಶಿಕ್ಷೆಯನ್ನು ಮನಸ್ಸು ತಪ್ಪಿಸಿಕೊಳ್ಳಲು ನೋಡುವುದು ಸೋಮಾರಿತನ ಹೇಗಾದೀತು? ಮಿತಿ ತಿಳಿಯಲು ಗಡಿಯಾರ ಬೇಡ. ಓಡುತ್ತಲೇ ಜೊತೆಗಾರರಿಗೆ ಒಂದು ಪೂರ್ತಿ ವಾಕ್ಯ ಹೇಳಲು ಆದರೆ ವೇಗ ಸರಿಯಿದೆ. ಎರಡು ಪದಕ್ಕೊಮ್ಮೆ ಉಸಿರು ತುಂಡಾದರೆ ಜಾಸ್ತಿಯಾಯಿತು, ನಡುನಡುವೆ ನಡೆಯಬೇಕು.

ಇಷ್ಟು ನಿಧಾನಕ್ಕೆ ಓಡಿ ಏನು ಬಂತು ಎಂಬ ಆಕ್ಷೇಪಕ್ಕೆ ಎರಡು ಉತ್ತರಗಳಿವೆ. ಅಮೆರಿಕದಲ್ಲಿ 55,137 ವಯಸ್ಕರನ್ನು ಸರಾಸರಿ 15 ವರ್ಷ ಗಮನಿಸಿ 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಓಡುವವರಲ್ಲಿ ಹೃದಯ ಸಂಬಂಧಿ ಸಾವಿನ ಸಂಭವ ಓಡದವರಿಗಿಂತ ಶೇ. 45ರಷ್ಟು ಕಡಿಮೆಯಿತ್ತು, ದಿನಕ್ಕೆ ಐದು ಹತ್ತು ನಿಮಿಷ, ಗಂಟೆಗೆ ಹತ್ತು ಕಿಲೋಮೀಟರಿಗಿಂತ ನಿಧಾನವಾಗಿ ಓಡಿದವರಲ್ಲೂ ಸಾವಿನ ಸಂಭವ ಗಣನೀಯವಾಗಿ ಇಳಿದಿತ್ತು. ಓಡುವವರು ಮೊದಲೇ ಆರೋಗ್ಯವಂತರಿರಬಹುದು, ಹಾಗಾಗಿ ಪೂರ್ತಿ ಶ್ರೇಯ ಓಟಕ್ಕೇ ಸಲ್ಲದು. ಆದರೂ ನಿಧಾನ ಓಟ ವ್ಯರ್ಥ ಎನ್ನಲು ಇಲ್ಲಿ ಯಾವ ಆಧಾರವೂ ಇಲ್ಲ. ಎರಡನೆಯ ಉತ್ತರ ಚಾಂಪಿಯನ್ನರಿಂದ ಬರುತ್ತದೆ. ಕ್ರೀಡಾ ವಿಜ್ಞಾನಿ ಸ್ಟೀಫನ್ ಸೈಲರ್ ಉನ್ನತ ಮಟ್ಟದ ಕ್ರೀಡಾಪಟುಗಳ ದಿನಚರಿ ಪರಿಶೀಲಿಸಿದಾಗ, ಅವರ ತರಬೇತಿಯಲ್ಲಿ ಹೆಚ್ಚುಕಡಿಮೆ ಶೇ. 80 ಭಾಗ ಸುಲಭ ವೇಗದ್ದೇ ಆಗಿತ್ತು. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದ ಕೀನ್ಯಾದ ಎಲಿಯುಡ್ ಕಿಪ್ಚೋಗೆ ಕೂಡ ತರಬೇತಿಯ ಬಹುಪಾಲು ಓಟವನ್ನು ತಮ್ಮ ಸಾಮರ್ಥ್ಯಕ್ಕಿಂತ ಬಹಳ ಕೆಳಗೆ ಇಟ್ಟುಕೊಂಡವರು. ಅವರ ಛಲದ ಬಗ್ಗೆ ಬರೆಯುವವರು ಇನ್ನೊಂದನ್ನೂ ಗಮನಿಸಬೇಕು: ಅವರು ವರ್ಷಗಟ್ಟಲೆ ತಯಾರಾದದ್ದು ಕಪ್ಟಗಾಟ್‌ನ ಶಿಬಿರದಲ್ಲಿ, ಜೊತೆ ಓಟಗಾರರ ನಡುವೆ. ಬೆಳಗಾದರೆ ಎಲ್ಲರೂ ಹೊರಡುವ ಜಾಗದಲ್ಲಿ ಹೊರಡಲೋ ಬೇಡವೋ ಎಂಬ ಪ್ರಶ್ನೆ ಏಳುವುದಾದರೂ ಎಲ್ಲಿಂದ?

ಓಟದಿಂದ ಎಂಡಾರ್ಫಿನ್ ಸುರಿದು ನಶೆಯಂಥ ಆನಂದ ಸಿಗುತ್ತದೆ, ಅದು ಸಿಕ್ಕರೆ ಯಾರೂ ಬಿಡುವುದಿಲ್ಲ ಎಂಬ ಮಾತನ್ನು ನಂಬಿ ಕಾದು ನಿರಾಶರಾದವರೂ ಇದ್ದಾರೆ. ರಕ್ತದಲ್ಲಿ ಹೆಚ್ಚುವ ಎಂಡಾರ್ಫಿನ್ ಮಿದುಳಿನೊಳಗೆ ಸುಲಭವಾಗಿ ಹೋಗಲಾರದು. 2021ರಲ್ಲಿ ಪ್ರಕಟವಾದ ಜರ್ಮನಿಯ ಹ್ಯಾಂಬರ್ಗ್‌ನ ಸಂಶೋಧಕರ ವರದಿಯಲ್ಲಿ, ಎಂಡಾರ್ಫಿನ್ ಕೆಲಸವನ್ನು ತಡೆಯುವ ಔಷಧಿ ಕೊಟ್ಟು ಓಡಿಸಿದರೂ ಜನರಿಗೆ ಉಲ್ಲಾಸ ಬಂದೇ ಬಂತು. ಹೀಗಾಗಿ ದೇಹವೇ ತಯಾರಿಸುವ ಎಂಡೊಕ್ಯಾನಬಿನಾಯ್ಡ್ ಎಂಬ ಬೇರೆ ರಾಸಾಯನಿಕಗಳ ಮೇಲೆ ಈಗ ಗಮನ ಹರಿದಿದೆ. ಕಾರಣ ಯಾವುದೇ ಇರಲಿ, ಆ ಉತ್ಕಟ ಆನಂದ ಎಲ್ಲರಿಗೂ ಬರುವುದಿಲ್ಲ, ಬಂದವರಿಗೂ ಪ್ರತಿದಿನ ಬರುವುದಿಲ್ಲ. ಅದನ್ನು ನೆಚ್ಚಿಕೊಂಡು ಕೂರಬೇಕಾಗಿಲ್ಲ.

ಇನ್ನು, ಯಾವ ಅಭ್ಯಾಸವೂ 21 ದಿನದಲ್ಲಿ ಕೂತುಬಿಡುತ್ತದೆ ಎಂಬ ಲೆಕ್ಕ. ಇದರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರ ಪುಸ್ತಕದಲ್ಲಿ ಬರೆದ ಒಂದು ಗಮನಿಕೆ: ಶಸ್ತ್ರಚಿಕಿತ್ಸೆಯಾದವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂಬುದು. ಹೇಳುತ್ತ ಹೇಳುತ್ತ ‘ಕನಿಷ್ಠ’ ಬಿದ್ದುಹೋಯಿತು, ಮುಖದ ಮಾತು ಎಲ್ಲ ಅಭ್ಯಾಸಗಳ ಮಾತಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿದಾಗ, ಒಂದು ಕೆಲಸ ಯೋಚಿಸದೆ ಆಗುವ ಮಟ್ಟ ತಲುಪಲು ಬೇಕಾದ ಕಾಲ ವ್ಯಕ್ತಿಯಿಂದ ವ್ಯಕ್ತಿಗೆ 18 ದಿನದಿಂದ 254 ದಿನದವರೆಗೆ ಎಂಬ ಅಂದಾಜು ಸಿಕ್ಕಿತು. ಮಧ್ಯದ ಅಂಕಿ 66. ಊಟ ಮತ್ತು ನೀರಿನ ಅಭ್ಯಾಸಗಳಿಗಿಂತ ವ್ಯಾಯಾಮಕ್ಕೆ ಸುಮಾರು ಒಂದೂವರೆ ಪಟ್ಟು ಹೆಚ್ಚು ಕಾಲ ಹಿಡಿಯಿತು. ಇಪ್ಪತ್ತೆರಡನೆಯ ದಿನವೂ ಏಳಲು ಕಷ್ಟವಾದರೆ ತನ್ನಲ್ಲೇ ದೋಷವಿದೆ ಎಂದುಕೊಳ್ಳುವವರಿಗೆ ಈ ಅಂಕಿಗಳು ತಲುಪಬೇಕು.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶ, ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕಟ್ಟುವ ಕ್ರಮಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ ಎಂಬುದು. ನಮ್ಮಲ್ಲಿ ವ್ರತಭಂಗದ ಕಲ್ಪನೆ ಬಲವಾಗಿದೆ. ಒಮ್ಮೆ ತಪ್ಪಿದರೆ ಮುಗಿಯಿತು, ಇನ್ನು ಮುಂದಿನ ತಿಂಗಳು ಅಥವಾ ಯುಗಾದಿಯಿಂದ ಹೊಸದಾಗಿ ಎಂದುಬಿಡುತ್ತೇವೆ. ಓಟ ನಿಲ್ಲುವುದು ತಪ್ಪಿದ ದಿನದಿಂದಲ್ಲ, ಆ ದಿನಕ್ಕೆ ನಾವು ಕೊಡುವ ಅರ್ಥದಿಂದ. 2021ರಲ್ಲಿ ಕೇಟಿ ಮಿಲ್ಕ್‌ಮನ್ ಮುಂದಾಳತ್ವದ ತಂಡ ಅಮೆರಿಕದ ಜಿಮ್ ಸರಪಳಿಯೊಂದರ 61,293 ಸದಸ್ಯರ ಮೇಲೆ 50ಕ್ಕೂ ಹೆಚ್ಚು ಉಪಾಯಗಳನ್ನು ನಾಲ್ಕು ವಾರ ಒಟ್ಟಿಗೆ ಪ್ರಯೋಗಿಸಿತು. ಎಲ್ಲಕ್ಕಿಂತ ಮುಂದೆ ನಿಂತದ್ದು ಒಮ್ಮೆ ತಪ್ಪಿಸಿದವರು ಮರಳಿ ಬಂದಾಗ ಕೊಡುವ ಪುಡಿಗಾಸಿನ ಬಹುಮಾನ, ಬರೀ ಒಂಬತ್ತು ಸೆಂಟ್. ಆದರೆ ನಾಲ್ಕು ವಾರ ಮುಗಿದ ಮೇಲೆ ಬಹುತೇಕ ಉಪಾಯಗಳ ಪರಿಣಾಮ ಇಳಿದುಹೋಯಿತು ಎಂಬುದನ್ನೂ ಅದೇ ವರದಿ ಹೇಳುತ್ತದೆ. ಹಾಗಾಗಿ ಆ್ಯಪ್, ಪದಕ, ಹೊಸ ಶೂಗಳಿಂದ ಕೆಲವು ವಾರದ ಸಹಾಯ ನಿರೀಕ್ಷಿಸಬಹುದು, ಅದಕ್ಕಿಂತ ಹೆಚ್ಚಿನದನ್ನಲ್ಲ.

ಕೊನೆಯದಾಗಿ, ನನಗೆ ಅತ್ಯಂತ ಗಂಭೀರವೆನಿಸುವ ಆಕ್ಷೇಪ. ಹೊತ್ತು, ಜಾಗ ಗೊತ್ತುಮಾಡಿಕೊಳ್ಳಿ ಎನ್ನುವುದು ಅವು ಇರುವವರಿಗೆ ಹೇಳುವ ಮಾತಲ್ಲವೇ? ಹೌದು. ಐದಕ್ಕೆ ಎದ್ದು ತಿಂಡಿ, ಡಬ್ಬಿ, ಮಕ್ಕಳ ಶಾಲೆ ಎಂದು ನಿಲ್ಲುವ ಹೆಂಗಸಿಗೆ, ಬೀದಿ ದೀಪವಿಲ್ಲದ ರಸ್ತೆಯಲ್ಲಿ ನಾಯಿಗಳ ಹಿಂಡು ದಾಟಬೇಕಾದವರಿಗೆ, ಕಲಬುರಗಿಯಂತೆ ಮೇ ತಿಂಗಳಲ್ಲಿ ಎಂಟು ಗಂಟೆಗೇ ಬಿಸಿಲು ಬಡಿಯುವ ಊರಿನವರಿಗೆ ಕೊರತೆಯಿರುವುದು ಪ್ರೇರಣೆಯದಲ್ಲ. ದೇಹದ ಕಾರಣಗಳೂ ಇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಸ್ನಾಯುಗಳಿಗೆ ಆಮ್ಲಜನಕ ತಲುಪುವುದೇ ಕಡಿಮೆ. ನಾಲ್ಕು ಹೆಜ್ಜೆ ಓಡಿದರೆ ಏದುಸಿರು, ದಿನವಿಡೀ ಸುಸ್ತು. ಅಂಥವರಿಗೆ ಛಲ ಬೇಕು ಎನ್ನುವುದು ಅನ್ಯಾಯ. ಮೊದಲು ರಕ್ತ ಪರೀಕ್ಷೆ ಮಾಡಿಸಲಿ, ಕಡಿಮೆಯಿದ್ದರೆ ವೈದ್ಯರು ಹೇಳಿದಷ್ಟು ತಿಂಗಳು ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳಲಿ. ಮನೆಯವರು ವಾರದಲ್ಲಿ ಮೂರು ಬೆಳಿಗ್ಗೆ ಅಡುಗೆಮನೆಯ ಅರ್ಧ ಗಂಟೆಯನ್ನು ತಾವು ವಹಿಸಿಕೊಳ್ಳಲಿ. ಆಮೇಲೂ ಓಡಲು ಮನಸ್ಸಾಗದಿದ್ದರೆ ಉಮೇದಿನ ವಿಚಾರ ಮಾತಾಡೋಣ.